ಫ್ರಿಡ್ಜ್ ಇಲ್ಲದ ಕಡೆ ಮಧ್ಯಾಹ್ನದ ಬುತ್ತಿ: ನೀವೇನು ಕಟ್ಕೊಂಡು ಹೋಗ್ತೀರಿ?

ಪ್ರಶ್ನೆ: ಬಳ್ಳಾರಿ ಹತ್ತಿರ ಸೈಟ್‌ನಲ್ಲಿ ಕೆಲಸ. ಬೆಳಗ್ಗೆ 7ಕ್ಕೆ ಮನೆ ಬಿಟ್ಟರೆ ಊಟ ಒಂದೂವರೆಗೆ. ತಗಡಿನ ಶೆಡ್, ಒಂದು ಫ್ಯಾನ್, ಅಷ್ಟೇ. ಫ್ರಿಡ್ಜೂ ಇಲ್ಲ, ಓವನ್ನೂ ಇಲ್ಲ. ನಿನ್ನೆ ಬೀನ್ಸ್ ಪಲ್ಯದ ಡಬ್ಬಿ ತೆಗೆದರೆ ಹಳಸಿದ ವಾಸನೆ. ಬಿಸ್ಕತ್ತು ತಿಂದು ದಿನ ತಳ್ಳಿದೆ. ದಾರಿ ಹೇಳಿ.

ಸಿಂಧನೂರು ಕಡೆಯ ಟೀಚರ್: ಪಲ್ಯಕ್ಕೆ ಕಾಯಿತುರಿ ಹಾಕಿದ್ರಾ ತಮ್ಮಾ? ಹಾಕಿದ್ದರೆ ಮೊದಲು ಕೆಟ್ಟಿದ್ದು ಬೀನ್ಸ್ ಅಲ್ಲ, ಕಾಯಿ. ಹನ್ನೆರಡು ವರ್ಷದಿಂದ ಬಸ್ಸಿನಲ್ಲಿ ಬುತ್ತಿ ಹೊತ್ತು ಓಡಾಡುತ್ತಿದ್ದೇನೆ. ಮಾರ್ಚ್ ಬಂತೆಂದರೆ ನನ್ನ ಡಬ್ಬಿಗೆ ಹಸಿಕಾಯಿ ಬಂದ್. ಹುರಿದ ಶೇಂಗಾ ಪುಡಿ, ಇಲ್ಲವಾದರೆ ಒಣಕೊಬ್ಬರಿ. ಬದನೆಕಾಯಿ ಎಣ್ಣೆಗಾಯಿಗೂ ಅಷ್ಟೇ: ಶೇಂಗಾ, ಹುಣಸೆಹುಳಿ ಹಾಕಿ, ನೀರು ಪೂರ್ತಿ ಇಂಗಿ ಎಣ್ಣೆ ಬಿಡುವ ತನಕ ಬೇಯಿಸಬೇಕು.

ತೀರಾ ಬಿಸಿಲಿನ ದಿನ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಒಂದು ಈರುಳ್ಳಿ. ರೊಟ್ಟಿಯಲ್ಲಿ ನೀರೇ ಇಲ್ಲ, ಕೆಡೋದೇನು? ಪುಡಿಗೆ ಎಣ್ಣೆ ಅಲ್ಲೇ ಹಾಕಿಕೊಳ್ಳಿ. ಈರುಳ್ಳಿಯನ್ನೂ ಅಲ್ಲೇ ಗುದ್ದಿ ಒಡೀರಿ. ಮನೆಯಲ್ಲೇ ಹೆಚ್ಚಿ ತಂದರೆ ಇಡೀ ಬ್ಯಾಗು ನಾರುತ್ತೆ.

ಇನ್ನೊಂದು, ಸುಡುಸುಡು ಪಲ್ಯ ತುಂಬಿ ಮುಚ್ಚಳ ಒತ್ತಬೇಡಿ. ಹಬೆ ಮುಚ್ಚಳಕ್ಕೆ ಹತ್ತಿ, ನೀರಾಗಿ ಪಲ್ಯದ ಮೇಲೇ ಇಳಿಯುತ್ತೆ. ನಾನು ಅಗಲ ತಟ್ಟೆಗೆ ಹರಡಿ ಫ್ಯಾನಿನ ಕೆಳಗೆ ಇಡುತ್ತೇನೆ. ಜಡೆ ಹಾಕಿಕೊಳ್ಳುವಷ್ಟರಲ್ಲಿ ಆರಿರುತ್ತೆ.

ಮೈಸೂರಿನಿಂದ: ಮೊಸರನ್ನ ಹುಳಿ ಬರುತ್ತೆ ಅಂತ ಬಿಟ್ಟಿದ್ದರೆ ಹೀಗೆ ಮಾಡಿ. ಬೆಳಗ್ಗೆ ಮಾಡಿದ ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿದ ಉಗುರುಬೆಚ್ಚಗಿನ ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ. ಮೇಲೆ ಸಾಸಿವೆ, ಶುಂಠಿ ಒಗ್ಗರಣೆ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿರುತ್ತೆ. ನಿಮ್ಮ ಕಡೆ ಸೆಕೆಗೆ ಅರ್ಧ ಚಮಚ ಸಾಕೇನೋ.

ಬೆಂಗಳೂರಿನ ಬ್ಯಾಚುಲರ್: ಇಷ್ಟೆಲ್ಲಾ ಯಾರು ಮಾಡ್ತಾರೆ? ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನ ರೆಡಿ.

ಹುಬ್ಬಳ್ಳಿಯ ನರ್ಸ್: ರಾತ್ರಿಯೆಲ್ಲಾ ಹೊರಗಿಟ್ಟ ಅನ್ನ ಬೇಡಪ್ಪಾ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಕುದಿಸಿದರೂ ಅವು ಸಾಯೋದಿಲ್ಲ. ಅನ್ನ ಹಾಗೇ ಹೊರಗಿದ್ದರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ಚಿತ್ರಾನ್ನ, ಪುಳಿಯೋಗರೆ ಧಾರಾಳವಾಗಿ ಒಯ್ಯಿರಿ. ಆದರೆ ಅನ್ನ ಬೆಳಗ್ಗೆಯದೇ ಇರಲಿ, ಹುಳಿ ಕೈಬಿಟ್ಟು ಹಾಕಿ.

ಸಾರು, ಬೇಳೆ ತರಹದ್ದು ಬೇಕೆಂದರೆ ಒಳ್ಳೆ ಥರ್ಮಸ್ ಡಬ್ಬಿ ತಗೊಳ್ಳಿ. ಮೊದಲು ಅದಕ್ಕೆ ಕುದಿಯೋ ನೀರು ತುಂಬಿ 10 ನಿಮಿಷ ಬಿಡಿ. ನೀರು ಚೆಲ್ಲಿ, ಕುದಿಯುತ್ತಿರುವ ಸಾರನ್ನೇ ಬಾಯಿ ತನಕ ತುಂಬಿ ಮುಚ್ಚಿ. ಇಲ್ಲಿ ಟೀಚರ್ ಹೇಳಿದ ಹಾಗೆ ಆರಿಸಬಾರದು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ. ಊಟದ ಹೊತ್ತಿನಲ್ಲೂ ಸಾರು ನಾಲಿಗೆ ಸುಡುವಂತಿರಬೇಕು. ಬರೀ ಬೆಚ್ಚಗಿದ್ದರೆ ಚೆಲ್ಲಿಬಿಡಿ.

ಮನೆಯಲ್ಲಿ ಫ್ರಿಡ್ಜ್ ಇದೆ ತಾನೇ? ರಾತ್ರಿ ಒಂದು ಬಾಟಲಿಗೆ ಮುಕ್ಕಾಲು ನೀರು ಹಾಕಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಮೊಸರನ್ನದ ಡಬ್ಬಿಗೆ ಒತ್ತಿಟ್ಟು ಎರಡನ್ನೂ ದಪ್ಪ ಟವೆಲ್‌ನಲ್ಲಿ ಸುತ್ತಿ. ಮಧ್ಯಾಹ್ನ ಕುಡಿಯೋಕೆ ತಣ್ಣೀರೂ ಆಯಿತು.

ಸಿಂಧನೂರು ಕಡೆಯ ಟೀಚರ್: ಡಬ್ಬಿ ಮುಚ್ಚಳದ ರಬ್ಬರ್ ರಿಂಗ್ ತೆಗೆದು ತೊಳೀತೀರಾ? ಹಳೇ ಸಾರಿನ ಜಿಡ್ಡು ಅಲ್ಲೇ ಕೂತಿರುತ್ತೆ.

ಪ್ರಶ್ನೆ ಕೇಳಿದವನು: ಅಕ್ಕಾ, ಈಗ ತಾನೇ ಎಬ್ಬಿಸಿ ನೋಡಿದೆ. ಅದು ಬರುತ್ತೆ ಅಂತಲೇ ಗೊತ್ತಿರಲಿಲ್ಲ. ಒಳಗೆ ಏನಿತ್ತು ಅಂತ ಮಾತ್ರ ಕೇಳಬೇಡಿ.