ವೆಲ್ಡಿಂಗ್ ಕಲಿಯೋಕೆ ಗೂಗಲ್ ಸಾಕಾ, ಕೈ ಪಳಗಿದವರ ಹತ್ತಿರ ಹೋಗಬೇಕಾ?

ಹೊಸಹೋಲ್ಡರ್:
2 ಮಿ.ಮೀ. ದಪ್ಪದ ಚೌಕ ಪೈಪು, 2.5 ಮಿ.ಮೀ.ನ 6013 ನಮೂನೆಯ ವೆಲ್ಡಿಂಗ್ ರಾಡ್, ಇನ್ವರ್ಟರ್ ಮಷೀನ್. ಎಷ್ಟು ಆಂಪ್ಸ್ ಇಡಬೇಕು ಅಂತ ಹುಡುಕಿದ್ರೆ ಒಂದು ಕಡೆ 60, ಇನ್ನೊಂದು ಕಡೆ 75, ಮತ್ತೊಂದು ಕಡೆ 90. 60ಕ್ಕೆ ಇಟ್ರೆ ರಾಡ್ ಅಂಟಿಕೊಳ್ಳುತ್ತೆ, 85ಕ್ಕೆ ಇಟ್ರೆ ಪೈಪು ತೂತು. ಇನ್ನೂ ವೀಡಿಯೋ ನೋಡ್ಬೇಕಾ, ಯಾರಾದ್ರೂ ಬಲ್ಲವರನ್ನ ಹಿಡೀಬೇಕಾ?

ಕಿಡಿಗಣ್ಣು:
ಆ ಮೂರು ಸಂಖ್ಯೆಗಳೂ ಸರಿಯೇ. ಲೋಹದ ದಪ್ಪ, ಸಂದಿನ ಅಗಲ, ಮಲಗಿಸಿ ಹಾಕ್ತೀರಾ ನಿಲ್ಲಿಸಿ ಹಾಕ್ತೀರಾ ಅನ್ನೋದರ ಮೇಲೆ ಅದು ಬದಲಾಗುತ್ತೆ. ನಿಮ್ಮ ತೊಂದರೆ ಬಹುಶಃ ಸಂಖ್ಯೆಯದ್ದಲ್ಲ, ಕೈಯದ್ದು.

ರಾಡಿನ ತುದಿಗೂ ಲೋಹಕ್ಕೂ ನಡುವೆ ಹೆಚ್ಚು ಕಡಿಮೆ ರಾಡಿನ ಒಳತಂತಿಯ ದಪ್ಪದಷ್ಟೇ ಅಂತರ ಇರಬೇಕು, ಅಂದ್ರೆ ಸುಮಾರು 2.5 ಮಿ.ಮೀ. ರಾಡ್ ಉರಿದು ಗಿಡ್ಡವಾಗ್ತಾ ಹೋಗೋದರಿಂದ ಕೈ ಮುಂದಕ್ಕೆ ಸಾಗೋದರ ಜೊತೆಗೆ ಕೆಳಕ್ಕೂ ಇಳೀತಾ ಇರಬೇಕು. ಹೊಸಬರ ಕೈ ಇಳಿಯಲ್ಲ. ಆರ್ಕ್ (ರಾಡಿನ ತುದಿಗೂ ಲೋಹಕ್ಕೂ ನಡುವೆ ಉರಿಯೋ ವಿದ್ಯುತ್ ಕಿಡಿ) ಉದ್ದವಾಗುತ್ತೆ, ಶಾಖ ಹರಡುತ್ತೆ, ಕಿಡಿ ಸಿಡಿಯುತ್ತೆ, ಬೀಡಿನ, ಅಂದ್ರೆ ಬೆಸುಗೆಯ ಗೆರೆಯ, ಎರಡೂ ಅಂಚಿನಲ್ಲಿ ಕೊರೆತ ಬೀಳುತ್ತೆ. ಸರಿಯಾದ ಅಂತರದಲ್ಲಿ ಕಾದ ಎಣ್ಣೆಯಲ್ಲಿ ಏನೋ ಕರಿದ ಹಾಗೆ ಒಂದೇ ಸಮನೆ ಚರಚರ ಸದ್ದು. ವೀಡಿಯೋದಲ್ಲಿ ಆ ಸದ್ದು ಸರಿಯಾಗಿ ಬರಲ್ಲ, ಆರ್ಕ್ ಬರೀ ಬಿಳಿ ಉಂಡೆ ಥರ ಕಾಣುತ್ತೆ. ಪಕ್ಕದಲ್ಲಿ ನಿಂತವರು ಕಣ್ಣು ಮುಚ್ಚಿಕೊಂಡೇ "ಕೈ ಇಳಿಸು" ಅಂತಾರೆ.

ಅಂದಹಾಗೆ, ಅರ್ತ್ ಕ್ಲ್ಯಾಂಪ್ (ಮಷೀನಿನ ಇನ್ನೊಂದು ತಂತಿಯನ್ನ ಲೋಹಕ್ಕೆ ಕಚ್ಚಿಸೋ ಚಿಮ್ಮಟ) ಎಲ್ಲಿ ಹಾಕಿದ್ದೀರಿ?

ಚಿಪ್ಪಿಂಗ್_ಸುತ್ತಿಗೆ:
ಬಲ್ಲವರ ಹತ್ತಿರ ಬರಿಗೈಲಿ ಹೋಗಿ "ವೆಲ್ಡಿಂಗ್ ಹೇಳಿಕೊಡಿ" ಅಂದ್ರೆ ಅವರಾದ್ರೂ ಏನು ಹೇಳ್ತಾರೆ? ಅದೇ ಪೈಪಿನ ತುಂಡೊಂದರ ಮೇಲೆ 60, 70, 80ರಲ್ಲಿ ಒಂದೊಂದು ಬೀಡ್ ಎಳೆದು, ಪಕ್ಕದಲ್ಲಿ ಸೀಮೆಸುಣ್ಣದಿಂದ ಆಂಪ್ಸ್ ಬರೆಯಿರಿ. ಅರ್ಧ ಭಾಗದ ಸ್ಲ್ಯಾಗ್ (ಬೀಡಿನ ಮೇಲೆ ಕೂರೋ ಗಟ್ಟಿ ಪದರ) ಕೆತ್ತಬೇಡಿ, ಅದು ಬಿಟ್ಟುಕೊಳ್ಳೋ ರೀತಿಯನ್ನೂ ಅವರು ನೋಡ್ತಾರೆ. ಇನ್ನೊಂದು ತುಂಡಿಗೆ ಟೀ ಆಕಾರದಲ್ಲಿ ಒಂದೇ ಬದಿ ಬೆಸೆದು, ಸುತ್ತಿಗೆಯಿಂದ ಬಡಿದು ಮುರಿದು ತಗೊಂಡು ಹೋಗಿ. ಒಳಗೆ ಸ್ಲ್ಯಾಗ್ ಸಿಕ್ಕಿಕೊಂಡಿದ್ರೆ ಮುರಿದ ಜಾಗದಲ್ಲೇ ಕಾಣುತ್ತೆ.

ಸಣ್ಣಗೆ ಗುಡ್ಡೆ ಗುಡ್ಡೆಯಾಗಿ ಕೂತ ಬೀಡ್ ಅಂದ್ರೆ ಶಾಖ ಸಾಲದು. ಅಗಲ ಚಪ್ಪಟೆ ಅಂದ್ರೆ ಆಂಪ್ಸ್ ಜಾಸ್ತಿ ಅಥವಾ ಆರ್ಕ್ ಉದ್ದ. ಅಲೆಗಳು ಚೂಪಾಗಿದ್ರೆ ಅವಸರದ ಕೈ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ಅವರಿಗೂ ಗೊತ್ತಾಗಲ್ಲ.

ಅಡ್ಡಮಾತು:
ಅನುಭವಿಗಳ ಎಲ್ಲಾ ಮಾತೂ ವೇದವಾಕ್ಯ ಅಲ್ಲ. ಜಿಐ (ಸತು ಲೇಪಿಸಿದ) ಪೈಪಿನ ಹೊಗೆ ಕುಡಿದ್ರೆ ಹಾಲು ಕುಡಿದು ಸರಿಮಾಡ್ಕೊಳ್ಳಿ ಅನ್ನೋರು ಇದ್ದಾರೆ. ಸತುವಿನ ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹೊಟ್ಟೆಗಲ್ಲ. ಬೆಸೆಯೋ ಜಾಗದಲ್ಲಿ ಸತು ಉಜ್ಜಿ ತೆಗೆದು, ಗಾಳಿ ಆಡೋ ಕಡೆ ಕೆಲಸ ಮಾಡಿ. "ಟ್ಯಾಕ್ (ಚುಕ್ಕೆ ಬೆಸುಗೆ) ಹಾಕೋಕೆ ಕಪ್ಪು ಗ್ಲಾಸ್ ಯಾಕೆ" ಅನ್ನೋರ ಮಾತನ್ನಂತೂ ಕೇಳಲೇಬೇಡಿ. ರಾಡಿನ ಆಂಪ್ಸ್ ಮಿತಿ, ಒಣಗಿಸೋ ಶಾಖ ಇವನ್ನ ಪ್ಯಾಕೆಟ್ ಮೇಲೇ ಓದಿ. 6013 ರಾಡಿಗೂ 7018 ರಾಡಿಗೂ ಅದರಲ್ಲಿ ಅಜಗಜಾಂತರ.

ಹೊಸಹೋಲ್ಡರ್:
ಕ್ಲ್ಯಾಂಪ್ ಬಣ್ಣದ ಮೇಲಿತ್ತು! ಉಜ್ಜಿ ಹಾಕಿದೆ, 70ರಲ್ಲೇ ಮೊದಲ ಗೀರಿಗೆ ಹತ್ತಿಕೊಳ್ತು. ಮೂಲೆಯಲ್ಲಿ ಮಾತ್ರ ಈಗಲೂ ತೂತು.

ಕಿಡಿಗಣ್ಣು:
ಕ್ಲ್ಯಾಂಪ್ ಎಲ್ಲಿದೆ ಅಂತ ಯಾವ ಗೂಗಲ್ ಹುಡುಕಾಟವೂ ತಿರುಗಿ ಕೇಳಲ್ಲ, ನೋಡಿ. ಮೂಲೆಯಲ್ಲಿ ಸಂದು 1 ಮಿ.ಮೀ. ದಾಟದ ಹಾಗೆ ತುದಿಗಳನ್ನ ಗ್ರೈಂಡ್ ಮಾಡಿ ಕೂರಿಸಿ. ರಾಡನ್ನ ಕತ್ತರಿಸಿದ ಅಂಚಿಗೆ ಹಿಡೀಬೇಡಿ, ಅಗಲವಾದ ಮುಖದ ಕಡೆಗೆ ಹಿಡೀರಿ. 10 ಮಿ.ಮೀ. ಹಾಕಿ, ಕೆಂಪು ಆರೋವರೆಗೆ ನಿಲ್ಲಿಸಿ, ಆಮೇಲೆ ಮುಂದಿನ 10.