ಪ್ರಾಚೀನ ಶಿಲಾಸಮಾಧಿಗಳಿರುವ ಹಿರೇಬೆಣಕಲ್‌ನ ವಿಡಿಯೊ ಬಗ್ಗೆ ನಮ್ಮ ಧಾರವಾಡದ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ನಡೆದ ಚರ್ಚೆ

ಮಹಾಂತೇಶ: ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ವಿಡಿಯೊ ಕಳಿಸಿದ್ದೇನೆ, ಎಲ್ಲರೂ ನೋಡಿರಿ. ಯುನೆಸ್ಕೊ ಮಾನ್ಯತೆ ಸಿಕ್ಕರೂ ಮೇಲಕ್ಕೊಂದು ರಸ್ತೆಯಿಲ್ಲ, ಕಲ್ಲಿನ ಮನೆಗಳೆಲ್ಲ ಖಾಲಿ ಬಿದ್ದಿವೆ. ಪಕ್ಕದವರೆಗೆ ವಾಹನ ಹೋಗುವಂತಾದರೆ ಹುಬ್ಬಳ್ಳಿ-ಧಾರವಾಡದಿಂದ ಹಂಪಿಗೆ ಹೊರಟವರು ಇದನ್ನೂ ನೋಡಿ ಬಂದಾರು.

ಸುಜಾತಾ: ಮಹಾಂತೇಶ ಅವರೇ, 2021ರಲ್ಲಿ ಸೇರಿದ್ದು ಯುನೆಸ್ಕೊದ ಸಂಭಾವ್ಯ ಪಟ್ಟಿಗೆ, ಅಂದರೆ ಮುಂದೆ ವಿಶ್ವ ಪರಂಪರೆಯ ಮಾನ್ಯತೆಗೆ ಪರಿಗಣಿಸಬಹುದಾದ ತಾಣಗಳ ಪಟ್ಟಿಗೆ ಮಾತ್ರ. ವಿಡಿಯೊದಲ್ಲಿ ಹುಡುಗರು ಕೋಣೆಯ ಮೇಲೆ ಹೊದಿಸಿದ ಮುಚ್ಚುಗಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಯಿತು. ಆ ಕಲ್ಲಿಗೆ ಗಾರೆಯ ಬಿಗಿಯಿಲ್ಲ. ಸುತ್ತ ನಿಲ್ಲಿಸಿದ ಚಪ್ಪಡಿಗಳು ಭಾರ ಹೊತ್ತಿರುವುದರಿಂದಲೇ ಅದು ಎರಡು ಸಾವಿರಕ್ಕೂ ಹೆಚ್ಚು ವರ್ಷ ಅಲ್ಲಿ ಕುಳಿತಿದೆ. ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿಯನ್ನು ವಿಡಿಯೊ ನಿಲ್ಲಿಸಿ ನೋಡಿ. ಅವು ಶವಸಂಸ್ಕಾರದ ಕೋಣೆಗಳು, ಯಾರದೋ ಹಿರಿಯರ ಗೋರಿಗಳು.

ಮಹಾಂತೇಶ: ನಿಧಿಗಳ್ಳರು ಅಗೆಯುವುದನ್ನೆಲ್ಲ ಅಗೆದಾಗಿದೆ. ಉಳಿದ ಕಲ್ಲನ್ನಾದರೂ ಜನ ನೋಡಬೇಡವೇ? ವಯಸ್ಸಾದವರು ಆ ಗುಡ್ಡ ಹತ್ತಲಾರರು.

ಸುಜಾತಾ: ವಯಸ್ಸಾದವರ ಬಗೆಗಿನ ನಿಮ್ಮ ಮಾತು ನ್ಯಾಯವಾದದ್ದೇ. ಆದರೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಗುರುತಿಸಿದ ಈ ತಾಣದಲ್ಲಿ ಸುಮಾರು 400 ಶಿಲಾಸಮಾಧಿಗಳಿವೆ, ಮತ್ತು ಕೋಣೆ ಬರಿದಾದ ಮಾತ್ರಕ್ಕೆ ಸುತ್ತಲಿನ ನೆಲ ಬರಿದಾಗುವುದಿಲ್ಲ. ಮಡಕೆಯ ಚೂರು, ಕಬ್ಬಿಣದ ಕಿಟ್ಟ, ಚಪ್ಪಡಿ ಎಬ್ಬಿಸಿದ ಬಂಡೆ, ನೀರಿನ ಹೊಂಡ ಇವೆಲ್ಲ ಇರುವ ಜಾಗದಲ್ಲಿಯೇ ಇದ್ದರೆ ಮಾತ್ರ ಅಲ್ಲಿ ಬದುಕಿದವರ ಬಗ್ಗೆ ಏನಾದರೂ ಹೇಳುತ್ತವೆ. ಜೆಸಿಬಿ ಒಮ್ಮೆ ಮಣ್ಣು ಕೆದಕಿದರೆ ಯಾವ ಚೂರು ಯಾವ ಗೋರಿಯದೆಂದು ಮತ್ತೆ ಯಾರೂ ಹೇಳಲಾರರು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ರಕ್ಷಿತ ಗಡಿಯಿಂದ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲದ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ ಎಂದು ಗೊತ್ತುಮಾಡಿದ್ದು ಇಂಥ ಹಾನಿ ತಡೆಯಲಿಕ್ಕೇ. ಸ್ಮಾರಕಕ್ಕೆ ಧಕ್ಕೆ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು.

ರಾಜಶೇಖರ: ಎತ್ತರದ ಬಂಡೆಯ ಮೇಲಿರುವ ನಗಾರಿಕಲ್ಲನ್ನು, ಅಂದರೆ ನಗಾರಿಯಂತೆ ಸದ್ದು ಮಾಡುವ ಕಲ್ಲನ್ನು, ಬಾರಿಸಿದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದಂತೆ. ಕಾರು ಅಲ್ಲಿಯವರೆಗೆ ಹೋದರೆ ಬಂದವರೆಲ್ಲ ಅದನ್ನು ಕಲ್ಲಿನಿಂದ ಬಡಿಯದೆ ಬಿಡುತ್ತಾರೆಯೇ? ನಾನು ಸುಜಾತಾ ಅವರ ಪರ.

ಸುಜಾತಾ: ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಗುಡ್ಡ ಹತ್ತಲಾಗದವರಿಗಾಗಿ ಗೋರಿಗಳ ಮಾದರಿ ಮತ್ತು ಚಿತ್ರಗಳ ಕೋಣೆ, ಎಲ್ಲವೂ ನಿಯಂತ್ರಿತ ಪ್ರದೇಶದ ಆಚೆಗೆ, ಊರಿನ ಕಡೆಗೆ ಆಗಲಿ. ಮೇಲೆ ಕರೆದೊಯ್ಯಲು ಊರಿನ ಯುವಕರಿಗೇ ತರಬೇತಿ ಕೊಟ್ಟರೆ ಅವರಿಗೂ ದುಡಿಮೆಯಾಗುತ್ತದೆ. ಹೀಗೆ ಪುರಾತತ್ತ್ವ ಇಲಾಖೆಗೆ ಮನವಿ ಬರೆಯೋಣವೇ?

ಮಹಾಂತೇಶ: ಬರೆಯಿರಿ, ಆದರೆ ಕಾವಲುಗಾರರನ್ನು ಹೆಚ್ಚಿಸಬೇಕೆಂಬುದು ಮೊದಲ ಸಾಲಿನಲ್ಲೇ ಇರಲಿ, ನಾನೂ ಸಹಿ ಹಾಕುತ್ತೇನೆ. ರಸ್ತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.