ಊಟದಲ್ಲಿ ಬೆರೆಸುವ ಪುಡಿ: ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): "ಕುಡಿಯುವವರಿಗೆ ತಿಳಿಯದಂತೆಯೇ ಕುಡಿತ ಬಿಡಿಸಿ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಸಾರಿನಲ್ಲೋ ಮಜ್ಜಿಗೆಯಲ್ಲೋ ಬೆರೆಸಿ ಕೊಟ್ಟರೆ ಸಾಕು. ಎಲ್ಲ ಗುಂಪುಗಳಿಗೂ ಕಳುಹಿಸಿ, ಒಂದು ಸಂಸಾರ ಉಳಿಸಿದ ಪುಣ್ಯ ನಿಮ್ಮದಾಗಲಿ."

ದೊಡ್ಡಪ್ಪ: ನನ್ನ ಮಗನ ವಿಷಯ ನಿಮ್ಮೆಲ್ಲರಿಗೂ ಗೊತ್ತಿರುವುದೇ. ಅವನು ಈ ಗುಂಪಿನಲ್ಲಿ ಇಲ್ಲದಿರುವುದರಿಂದ ಬಿಚ್ಚಿ ಹೇಳುತ್ತಿದ್ದೇನೆ. ಸೊಸೆ ನಿನ್ನೆಯೂ ಫೋನಿನಲ್ಲಿ ಅತ್ತಳು. ಈ ಪುಡಿಯನ್ನು ತರಿಸಿ ಅವಳ ಕೈಗೆ ಕೊಡಬೇಕೆಂದಿದ್ದೇನೆ.

ನಾನು: ದೊಡ್ಡಪ್ಪ, ದಯವಿಟ್ಟು ತರಿಸಬೇಡಿ. ಇಂಥ ಪುಡಿಯನ್ನು ಕೇಳಿಕೊಂಡು ನಮ್ಮ ಮೆಡಿಕಲ್ ಸ್ಟೋರಿಗೂ ಹೆಣ್ಣುಮಕ್ಕಳು ಬರುತ್ತಾರೆ. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಪಕ್ಕದಲ್ಲಿ ನಿಂತು, ಆಮೇಲೆ ಮುದುಡಿದ ನೋಟುಗಳನ್ನು ಕೌಂಟರಿನ ಮೇಲಿಟ್ಟು, "ಅವರಿಗೆ ಗೊತ್ತಾಗದ ಹಾಗೆ ಕೊಡುವಂಥದ್ದು ಇದೆಯಾ" ಎಂದು ಮೆಲ್ಲಗೆ ಕೇಳುತ್ತಾರೆ. ಬರಿಗೈಯಲ್ಲಿ ಕಳುಹಿಸುವಾಗ ನನಗೂ ಸಂಕಟವಾಗುತ್ತದೆ. ಆದರೆ ಪುಡಿಯೊಳಗೆ ಏನಿದೆಯೆಂದು ಆ ಸಂದೇಶದಲ್ಲಿ ಎಲ್ಲಿಯೂ ಬರೆದಿಲ್ಲ. ಏನೂ ಇಲ್ಲದಿದ್ದರೆ ಹೋಗುವುದು ಹಣ ಮಾತ್ರ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ ಜೀವಕ್ಕೇ ಅಪಾಯ. ಮದ್ಯವು ದೇಹದೊಳಗೆ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ನಂತರ ನಿರಪಾಯವಾದ ವಸ್ತುವಾಗಿ ಬದಲಾಗುತ್ತದೆ. ಡೈಸಲ್ಫಿರಾಮ್ ಆ ಎರಡನೆಯ ಹಂತವನ್ನು ತಡೆಯುವುದರಿಂದ, ಅದರ ಮೇಲೆ ಮದ್ಯ ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ಅಥವಾ ಲಿವರ್ ದುರ್ಬಲವಾಗಿರುವವರು ಸಾಯಲೂಬಹುದು. ಆದ್ದರಿಂದಲೇ ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದೇ ವೈದ್ಯರು ಅದನ್ನು ಬರೆಯಬೇಕು.

ಚನ್ನರಾಯಪಟ್ಟಣದ ಮಾವ: ಪುಡಿಯೂ ಬೇಡ, ಮಾತ್ರೆಯೂ ಬೇಡ. ಮನಸ್ಸು ಗಟ್ಟಿ ಮಾಡಿಕೊಂಡರೆ ಕುಡಿತ ತಾನಾಗಿಯೇ ಬಿಡುತ್ತದೆ. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿ ಅನ್ನ ನೀರು ಕೊಟ್ಟರೆ ಸರಿಹೋಗುತ್ತಾನೆ.

ನಾನು: ಮಾವ, ಆ ನಾಲ್ಕು ದಿನಗಳೇ ಅತ್ಯಂತ ಅಪಾಯದವು. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ, 6ರಿಂದ 24 ಗಂಟೆಗಳೊಳಗೆ ಕೈನಡುಕ ಮತ್ತು ಬೆವರು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. 48ರಿಂದ 72 ಗಂಟೆಗಳ ಹೊತ್ತಿಗೆ ಕೆಲವರು ಇಲ್ಲದ್ದನ್ನು ಕಾಣುತ್ತಾ, ಎಲ್ಲಿದ್ದೇವೆಂಬುದನ್ನೇ ಮರೆಯುತ್ತಾರೆ. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ, ಮಿದುಳಿಗೆ ಹಾನಿಯಾಗದಂತೆ ಬಿ1 ವಿಟಮಿನ್ ಚುಚ್ಚುಮದ್ದು ಕೊಟ್ಟು ಈ ಅವಧಿಯನ್ನು ದಾಟಿಸುತ್ತಾರೆ. ಇದು ಮನಸ್ಸಿನ ಗಟ್ಟಿತನದಿಂದ ದಾಟುವಂಥದ್ದಲ್ಲ.

ಮೈಸೂರಿನ ಅತ್ತೆ: ಧರ್ಮಸ್ಥಳದ ಯೋಜನೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರದಿಂದ ಸುಧಾರಿಸಿದವರನ್ನು ನಾನೇ ಕಂಡಿದ್ದೇನೆ. ಅಲ್ಲಿಗೆ ಕಳುಹಿಸಬಾರದೇಕೆ? ಆಸ್ಪತ್ರೆಗೆ ಸೇರಿಸಿದರೆ ಊರವರ ಬಾಯಿ ಮುಚ್ಚಿಸುವುದು ಯಾರು?

ನಾನು: ಶಿಬಿರಕ್ಕೆ ನನ್ನ ವಿರೋಧವಿಲ್ಲ ಅತ್ತೆ. ಮುಗಿದ ಮೇಲೂ ನವಜೀವನ ಸಮಿತಿಯ ಸಭೆಗಳಲ್ಲಿ ಬಿಟ್ಟವರೆಲ್ಲ ಒಬ್ಬರಿಗೊಬ್ಬರು ಆಸರೆಯಾಗುವುದು ದೊಡ್ಡ ವಿಷಯ. ಆದರೆ ಅಣ್ಣನಂತೆ ಬೆಳಿಗ್ಗೆ ಎದ್ದೊಡನೆ ಕುಡಿಯಬೇಕೆನಿಸುವವರನ್ನು ಮೊದಲು ವೈದ್ಯರು ನೋಡಲೇಬೇಕು. ಊರವರು ಈಗಲೂ ಮಾತನಾಡುತ್ತಲೇ ಇದ್ದಾರಲ್ಲ?

ಭಾವ: ದೊಡ್ಡಮಾವನವರೇ, ನಾನು ಈ ಗುಂಪಿನಲ್ಲಿ ಹೆಚ್ಚು ಬರೆಯುವವನಲ್ಲ, ಆದರೆ ಇದನ್ನು ಹೇಳಲೇಬೇಕು. ನನಗೂ ಹೀಗೆಯೇ ಗುಟ್ಟಾಗಿ ಬೆರೆಸಿ ಕೊಟ್ಟಿದ್ದರು. ತಿಳಿದ ದಿನದಿಂದ ಮನೆಯಲ್ಲಿ ಒಂದು ತುತ್ತು ತಿನ್ನಲೂ ನನಗೆ ಅನುಮಾನ; ಹೊರಗೆ ಖಾಲಿ ಹೊಟ್ಟೆಯಲ್ಲಿ ಕುಡಿಯತೊಡಗಿದೆ. ಕೊನೆಗೆ ಬ್ಯಾಂಕಿನಲ್ಲಿ ಸಹಿ ಮಾಡಲಾರದಷ್ಟು ಕೈ ನಡುಗಿದಾಗ ನಾನಾಗಿಯೇ ಆಸ್ಪತ್ರೆಗೆ ಹೋದೆ. ಕುಡಿತ ನಿಂತಿತು, ಆದರೆ ತಿಂಗಳು ಕಳೆದರೂ ಬದುಕಿನಲ್ಲಿ ರುಚಿಯೇ ಹುಟ್ಟಲಿಲ್ಲ. ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದರೆ ಗೋಡೆ ನೋಡುತ್ತಾ ಕುಳಿತಿರುತ್ತಿದ್ದೆ. ಅನೇಕರಿಗೆ ಕುಡಿತದಿಂದಲೇ ಬರುವ ಬೇಸರವು ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ತಿಳಿಯಾಗುತ್ತದೆಂದೂ, ಆಗದಿದ್ದರೆ ಅದು ಬೇರೆಯೇ ಆದ ಖಿನ್ನತೆಯ ಕಾಯಿಲೆಯೆಂದೂ ವೈದ್ಯರು ವಿವರಿಸಿ ಅದಕ್ಕೂ ಔಷಧ ಕೊಟ್ಟರು.

ಮೈಸೂರಿನ ಅತ್ತೆ: ಒಂದು ಚಟ ಬಿಡಿಸಿ ಮಾತ್ರೆಯ ಚಟ ಹಿಡಿಸಿದಂತಾಗಲಿಲ್ಲವೇ?

ಭಾವ: ಇಲ್ಲ ಅತ್ತೆ. ಖಿನ್ನತೆಯ ಮಾತ್ರೆ ಅಮಲೇರಿಸುವಂಥದ್ದಲ್ಲ. ಗುಣ ಕಾಣಲೇ ವಾರಗಳು ಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಬೇಕು. ಮಾತ್ರೆಯಷ್ಟೇ ಸಾಲಲಿಲ್ಲ, ನಿಜ. ಸಂಜೆಯ ಹೊತ್ತೇ ಕಷ್ಟವಾದ್ದರಿಂದ, ವೈನ್ ಶಾಪ್ ಇರುವ ರಸ್ತೆ ಬಿಟ್ಟು ಸುತ್ತಿ ಬಂದು ಏಳು ಗಂಟೆಗೇ ಊಟ ಮುಗಿಸುತ್ತಿದ್ದೆ. ಬೆಳಗಿನ ನಡಿಗೆಗೆ ನೆರೆಮನೆಯವರು ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. ನಡುವೆ ಮತ್ತೆ ಕುಡಿದದ್ದೂ ಉಂಟು. ಆಗ ಹೆಂಡತಿ ಬೈಯದೆ ವೈದ್ಯರಿಗೆ ಫೋನ್ ಮಾಡಿದಳು.

ದೊಡ್ಡಪ್ಪ: ನೀನು ನೀನಾಗಿಯೇ ಹೋದೆ. ನನ್ನ ಮಗ ನನಗೇನೂ ಆಗಿಲ್ಲ ಎನ್ನುತ್ತಾನೆ. ಒಪ್ಪದವನನ್ನು ಒಪ್ಪಿಸುವುದು ಹೇಗೆಂದು ನೀವು ಯಾರೂ ಹೇಳುತ್ತಿಲ್ಲ.

ನಾನು: ಒಂದೇ ದಿನದಲ್ಲಿ ಒಪ್ಪಿಸುವ ದಾರಿಯಿಲ್ಲ ದೊಡ್ಡಪ್ಪ, ಆದರೆ ಅವನು ಒಪ್ಪುವ ಮೊದಲೂ ಮಾಡಬಹುದಾದದ್ದಿದೆ. ಅತ್ತಿಗೆ ತಾನೇ 14416ಕ್ಕೆ ಕರೆ ಮಾಡಲಿ; 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಖರ್ಚಿನ ಚಿಂತೆಯಿದ್ದರೆ ಅಣ್ಣನ ವಿಮೆಯಲ್ಲಿ ಈ ಚಿಕಿತ್ಸೆಯೂ ಸೇರುತ್ತದೆಯೇ ಎಂದು ಕಾಗದಗಳನ್ನು ತೆಗೆದುನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯದಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ. ಕುಡಿದಾಗ ಬುದ್ಧಿ ಹೇಳಬೇಡಿ. ಹೊಟ್ಟೆಯುರಿ, ನಿದ್ರೆಯಿಲ್ಲ ಎಂದು ಅವನೇ ಹೇಳುತ್ತಾನಲ್ಲ, ಅದಕ್ಕೆಂದೇ ವೈದ್ಯರ ಬಳಿ ಕರೆದೊಯ್ಯಿರಿ. ಎಷ್ಟು ಕುಡಿಯುತ್ತೀರಿ ಎಂದು ಅಲ್ಲಿ ಅವರೇ ಕೇಳುತ್ತಾರೆ.

ದೊಡ್ಡಪ್ಪ: ಪುಡಿ ತರಿಸುವುದನ್ನು ಸದ್ಯಕ್ಕೆ ಕೈಬಿಡುತ್ತೇನೆ. ನನಗೆ ಪೂರ್ತಿ ಧೈರ್ಯ ಬಂದಿದೆಯೆಂದು ಮಾತ್ರ ತಿಳಿಯಬೇಡಿ.

ಭಾವ: ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ. ನನ್ನ ಕಥೆಯನ್ನಷ್ಟೇ ಹೇಳುತ್ತೇನೆ, ಅವರ ಕಥೆ ಕೇಳುತ್ತೇನೆ.

ನಾನು: ಅಲ್ಲಿಯವರೆಗೆ ಬಾಟಲಿ ಒಡೆದುಹಾಕುವುದು, ಕೂಡಿಹಾಕುವುದು ಬೇಡ. ಫಿಟ್ಸ್ ಬಂದರೆ, ದಿಕ್ಕುತಪ್ಪಿದಂತೆ ಮಾತನಾಡಿದರೆ, ಸಾಯುವ ಮಾತೆತ್ತಿದರೆ, ಯಾವ ಹೊತ್ತಾದರೂ ಒಬ್ಬನನ್ನೇ ಬಿಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಕೊನೆಯ ಸಲ ಯಾವಾಗ, ಎಷ್ಟು ಕುಡಿದಿದ್ದನೆಂದು ಅಲ್ಲಿ ಮುಚ್ಚಿಡದೆ ಹೇಳಿ.